ಎಷ್ಟು ಲಕ್ಷ ಅಂತ ಕೇಳಿದ್ದು ಸಾಕು, ಯಾವಾಗ ಅಂತಲೂ ಕೇಳೋಣ

ಊರಿಗೆ ಹೊಸ ಕಾಮಗಾರಿ ಬಂತು ಅಂದಕೂಡಲೇ ಅರಳಿಕಟ್ಟೆಯಲ್ಲಿ ಮೊದಲು ಕೇಳಿಬರುವ ಮಾತು, "ಎಷ್ಟು ಲಕ್ಷದ್ದಂತೆ?" ಅದರ ಹಿಂದೆಯೇ, "ಕಂಟ್ರಾಕ್ಟ್ ಯಾರಿಗಾಗಿದೆಯಂತೆ?" ಈ ಎರಡಕ್ಕೂ ಉತ್ತರ ಸಿಕ್ಕಿತೆಂದರೆ ಮಾತು ರಾಜಕೀಯದ ಕಡೆ ಹೊರಳುತ್ತದೆ. ಮೂರನೆಯದೊಂದು ಪ್ರಶ್ನೆ ಇದೆ. ಅದು ಬರುವುದು ಅಪರೂಪ. "ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಾ ಸೇರಿ ಯಾವತ್ತಿಗೆ ಮುಗಿಯುತ್ತೆ?"

ಊರಿನ ಕಾಮಗಾರಿಗಳು ಹಾಳಾಗುವುದು ಬರೀ ದುಡ್ಡು ಸೋರಿದ್ದರಿಂದ ಅಲ್ಲ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದ್ದರಿಂದ, ಬೇಸಿಗೆಯಲ್ಲಿ ಮಾಡಬೇಕಾದ್ದನ್ನು ಮಳೆಗಾಲಕ್ಕೆ ತಂದಿದ್ದರಿಂದ, ಎಡವಟ್ಟಾದರೆ ಏನು ಗತಿ ಅಂತ ಯಾರೂ ಮೊದಲೇ ಬರೆದಿಡದೆ ಹೋಗಿದ್ದರಿಂದಲೂ ಹಾಳಾಗುತ್ತವೆ. ಹಾಗಾಗಿ ಪ್ರತಿ ಕಾಮಗಾರಿಗೂ ಒಂದು ಹಾಳೆಯ ವೇಳಾಪಟ್ಟಿ ಇರಬೇಕು, ಅದು ಊರಿನವರ ಕೈಗೆ ಸಿಗಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು ಅನ್ನೋದು ನಮ್ಮ ಬಳಗದ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇವೆ.

ರಸ್ತೆ ಮೊದಲೋ, ಪೈಪು ಮೊದಲೋ

ಇದನ್ನು ಓದುತ್ತಿರುವ ಹಲವರ ಮನೆ ಮುಂದೆಯೇ ಇದಕ್ಕೆ ಸಾಕ್ಷಿ ಇದೆ. ಬೀದಿಗೆ ಸಿಸಿ ರಸ್ತೆ ಆಗುತ್ತದೆ. ಹೊಸ ರಸ್ತೆ ಅಂತ ಖುಷಿಪಡುವಷ್ಟರಲ್ಲಿ ನಲ್ಲಿ ಪೈಪು ಹಾಕುವವರು ಬಂದು ಅದೇ ರಸ್ತೆಯ ಅಂಚನ್ನು ಉದ್ದಕ್ಕೂ ಕತ್ತರಿಸುತ್ತಾರೆ. ಮನೆಮನೆಗೆ ಸಂಪರ್ಕ ಕೊಡಲು ಅಡ್ಡಡ್ಡ ಸೀಳುತ್ತಾರೆ. ಪೈಪು ಹಾಕಿ ಮಣ್ಣೆಳೆದು ಹೋಗುತ್ತಾರೆ. ಮೊದಲ ಮಳೆಗೆ ಆ ಮಣ್ಣು ಕುಸಿದು ಕಾಲುವೆಯಾಗುತ್ತದೆ. ಹಾಲಿನ ಕ್ಯಾನ್ ಹೊತ್ತ ಬೈಕು ಜಾರುತ್ತದೆ, ಅಜ್ಜಿ ಕೋಲೂರಿಕೊಂಡು ದಾಟಲಾಗದೆ ಜಗುಲಿಯಲ್ಲೇ ಕೂರುತ್ತಾಳೆ, ಶಾಲೆ ಮಕ್ಕಳು ಕೆಸರು ತುಳಿದು ಹೋಗುತ್ತಾರೆ.

ಪೈಪು ಬೇಡ ಅಂತ ಯಾರೂ ಹೇಳುವುದಿಲ್ಲ. ಜಲಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಸಂಪರ್ಕ ಇದ್ದದ್ದು ಸುಮಾರು 3.23 ಕೋಟಿ ಮನೆಗಳಿಗೆ ಮಾತ್ರ, ಅಂದರೆ ನೂರಕ್ಕೆ ಸುಮಾರು 17 ಮನೆಗೆ. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂತ ಹೆಸರಾದ ಈ ಯೋಜನೆ ಕೊಡ ಹೊರುವ ಹೆಣ್ಣುಮಕ್ಕಳ ಬೆನ್ನಿನ ಭಾರ ಇಳಿಸುವಂಥದ್ದು. 2024ಕ್ಕೆ ಮುಗಿಯಬೇಕಿತ್ತು. 2025ರ ಕೇಂದ್ರ ಬಜೆಟ್‌ನಲ್ಲಿ ಗಡುವನ್ನು 2028ರವರೆಗೆ ಮುಂದಕ್ಕೆ ಹಾಕಿದರು. ಇಷ್ಟು ದೊಡ್ಡ ಕೆಲಸಕ್ಕೆ ಸಮಯ ಹಿಡಿಯಲಿ, ಅದು ನಮ್ಮ ತಕರಾರಲ್ಲ. ಮುಂದಿನ ವರ್ಷ ಈ ಬೀದಿಯಲ್ಲಿ ಪೈಪು ಬರುತ್ತದೆ ಅಂತ ಗೊತ್ತಿದ್ದೂ ಈ ವರ್ಷವೇ ಕಾಂಕ್ರೀಟ್ ಸುರಿಯುವುದು ಮಾತ್ರ ತಕರಾರು.

ನಿಮ್ಮ ಸ್ವಂತ ಮನೆ ಕಟ್ಟುವಾಗ ಯೋಚಿಸಿ ನೋಡಿ. ಗೋಡೆಗೆ ವೈರಿಂಗ್ ಪೈಪು ಕೂರಿಸದೆ ಗಾರೆ ಮೆತ್ತಿಸುತ್ತೀರಾ? ಬಚ್ಚಲಿನ ನೀರು ಹೋಗಲು ದಾರಿ ಬಿಡದೆ ನೆಲಕ್ಕೆ ಟೈಲ್ಸ್ ಹಾಕಿಸುತ್ತೀರಾ? ಮೇಸ್ತ್ರಿ ಹಾಗೆ ಮಾಡಿದರೆ ಅವನನ್ನು ಸುಮ್ಮನೆ ಬಿಡುತ್ತೀರಾ? ಮನೆಯ ಮಟ್ಟಿಗೆ ಇಷ್ಟು ಎಚ್ಚರ ಇರುವವರು ಬೀದಿಯ ಮಟ್ಟಿಗೆ ಸುಮ್ಮನಿರುವುದಕ್ಕೆ ಕಾರಣ ಒಂದೇ. ಬೀದಿಯ ಕೆಲಸದ ಪಟ್ಟಿ ಯಾರಿಗೂ ಕಾಣಿಸುವುದಿಲ್ಲ.

ಬೀದಿಯ ಕೆಲಸಕ್ಕೂ ಒಂದು ಸರಿಯಾದ ಕ್ರಮ ಇದೆ. ಮೊದಲು ನೆಲದೊಳಗಿನದ್ದು. ಅಂದರೆ ನೀರಿನ ಪೈಪು, ಅದರಿಂದ ಪ್ರತಿ ಮನೆಗೂ ಕವಲು. ಗುಂಡಿ ಮುಚ್ಚುವ ಮೊದಲೇ ಪೈಪಿನೊಳಗೆ ಒತ್ತಡದಲ್ಲಿ ನೀರು ಬಿಟ್ಟು ಸೋರುತ್ತದೋ ಇಲ್ಲವೋ ನೋಡಬೇಕು. ಆಮೇಲೆ ಮಣ್ಣನ್ನು ಒಂದೇ ಸಲ ದಬ್ಬದೆ ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಬೇಕು. ಅದಾದ ಮೇಲೆ ಚರಂಡಿ. ಕೊನೆಗೆ ರಸ್ತೆ. ಪೈಪಿಗೆ ದುಡ್ಡು ಇನ್ನೂ ಬಂದಿಲ್ಲ, ರಸ್ತೆಗೆ ಮಾತ್ರ ಬಂದಿದೆ ಅಂದರೆ ಅದಕ್ಕೂ ಉಪಾಯ ಇದೆ. ಕಾಂಕ್ರೀಟ್ ಹಾಕುವ ಮುನ್ನ ರಸ್ತೆಯ ಅಡಿಯಲ್ಲಿ ಅಲ್ಲಲ್ಲಿ ಖಾಲಿ ಪೈಪು ಅಡ್ಡ ಹೂತಿಟ್ಟರೆ ನಾಳೆ ನಲ್ಲಿಯ ಪೈಪನ್ನು ಅದರೊಳಗೆ ತೂರಿಸಬಹುದು, ರಸ್ತೆ ಅಡ್ಡ ಸೀಳಬೇಕಾಗಿಲ್ಲ. ಇದಕ್ಕೆ ಬೇಕಾಗಿರುವುದು ಒಂದಷ್ಟು ಪೈಪು, ಮತ್ತೆ ಎರಡು ಇಲಾಖೆಯವರು ಒಂದು ದಿನ ಒಟ್ಟಿಗೆ ಕೂತು ಮಾತಾಡುವುದು.

ರೈತರಿಗೆ ಇದು ಹೊಸದಲ್ಲ

ವೇಳಾಪಟ್ಟಿ, ಯೋಜನೆ ಅಂದರೆ ಎಂಜಿನಿಯರುಗಳ ವಿಷಯ, ನಮಗೆಲ್ಲಿ ಅರ್ಥವಾಗುತ್ತೆ ಅಂತ ಕೆಲವರು ಹಿಂದೆ ಸರಿಯುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ರೋಹಿಣಿ ಮಳೆಗೆ ಏನು ಬಿತ್ತಬೇಕು, ಆರಿದ್ರಾ ಹೊತ್ತಿಗೆ ಎಡೆಕುಂಟೆ ಎಲ್ಲಿಗೆ ಬರಬೇಕು, ಬೀಜ ಗೊಬ್ಬರ ಯಾವಾಗ ತಂದಿಟ್ಟುಕೊಳ್ಳಬೇಕು, ಆಳು ಸಿಗದಿದ್ದರೆ ಯಾರ ಜೊತೆ ಮುಯ್ಯಾಳು ಮಾಡಿಕೊಳ್ಳಬೇಕು, ಇದೆಲ್ಲ ತಲೆಯಲ್ಲೇ ಇಟ್ಟುಕೊಂಡು ವರ್ಷ ನಡೆಸುವ ರೈತರಿಗಿಂತ ಚೆನ್ನಾಗಿ ವೇಳಾಪಟ್ಟಿ ಗೊತ್ತಿರುವವರು ಯಾರು?

ಕಟ್ಟಡದ ಕೆಲಸದಲ್ಲಿ ಇದನ್ನೇ ಕಾಗದಕ್ಕೆ ಇಳಿಸುತ್ತಾರೆ. ಎಡಕ್ಕೆ ಕೆಲಸಗಳ ಹೆಸರು, ಮೇಲೆ ವಾರಗಳು, ಪ್ರತಿ ಕೆಲಸದ ಮುಂದೆ ಅದು ಶುರುವಾಗುವ ವಾರದಿಂದ ಮುಗಿಯುವ ವಾರದವರೆಗೆ ಒಂದು ಅಡ್ಡಪಟ್ಟಿ. ಇದಕ್ಕೆ ಗ್ಯಾಂಟ್ ಪಟ್ಟಿ ಅನ್ನುತ್ತಾರೆ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಬಳಕೆಗೆ ತಂದದ್ದು. ಹತ್ತನೇ ತರಗತಿ ಓದಿದ ಹುಡುಗಿ ಐದು ನಿಮಿಷದಲ್ಲಿ ಓದಿ ಹೇಳಬಲ್ಲಳು.

ಆ ಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದು. ಎಲ್ಲ ಕೆಲಸಗಳೂ ಒಂದೇ ತೂಕದ್ದಲ್ಲ. ಅನ್ನ ಆಗಬೇಕಾದರೆ ಎಸರು ಕಾಯಲೇಬೇಕು. ಎಸರಿಡುವುದು ತಡವಾದರೆ ಊಟವೇ ತಡ. ಉಪ್ಪಿನಕಾಯಿ ಬಡಿಸುವುದು ತಡವಾದರೆ ಏನೂ ಆಗುವುದಿಲ್ಲ. ಹಾಗೆಯೇ ಪೈಪು ಬಂದು ಬೀಳುವುದು ಒಂದು ತಿಂಗಳು ತಡವಾದರೆ ಅಗೆತ, ಜೋಡಣೆ, ಪರೀಕ್ಷೆ, ಚರಂಡಿ, ರಸ್ತೆ ಎಲ್ಲವೂ ಒಂದು ತಿಂಗಳು ಹಿಂದಕ್ಕೆ ಹೋಗುತ್ತವೆ. ಟ್ಯಾಂಕಿಗೆ ಬಣ್ಣ ಹೊಡೆಯುವುದು ತಡವಾದರೆ ಯಾವುದೂ ನಿಲ್ಲುವುದಿಲ್ಲ. ಒಂದು ತಡವಾದರೆ ಕೊನೆಯ ದಿನವೇ ಮುಂದಕ್ಕೆ ಹೋಗುವಂಥ ಕೆಲಸಗಳು ಯಾವುವು ಅಂತ ಮೊದಲೇ ಗುರುತಿಸಿಕೊಂಡು ಅವುಗಳ ಮೇಲೆ ಕಣ್ಣಿಡುವುದೇ ಯೋಜನೆಯ ಅರ್ಧ ಕೆಲಸ. ಊರಿನ ನೀರಿನ ಯೋಜನೆಯಲ್ಲಿ ಅಂಥವು ಸಾಮಾನ್ಯವಾಗಿ ಎರಡು. ಒಂದು ನೀರಿನ ಮೂಲ, ಇನ್ನೊಂದು ಪಂಪಿಗೆ ಕರೆಂಟ್ ಸಂಪರ್ಕ. ಇವೆರಡೂ ಖಾತ್ರಿಯಾಗದೆ ಟ್ಯಾಂಕು ಎದ್ದು ನಿಂತರೆ, ಬೀದಿಗೆಲ್ಲ ನಲ್ಲಿ ಬಂದರೆ, ನೋಡಲು ಚೆಂದ, ಕುಡಿಯಲು ನೀರಿಲ್ಲ.

ಕೆಲವು ದಿನಗಳನ್ನು ಯಾರೂ ಕಡಿಮೆ ಮಾಡಲಾಗುವುದಿಲ್ಲ ಅನ್ನುವುದನ್ನೂ ತಿಳಿದಿರಬೇಕು. ಕಾಂಕ್ರೀಟ್ ಹಾಕಿದ ಮೇಲೆ ಅದನ್ನು ಒದ್ದೆಯಾಗಿಡಬೇಕು, ಕ್ಯೂರಿಂಗ್ ಅನ್ನುತ್ತಾರಲ್ಲ ಅದು. ಐಎಸ್ 456 ಎಂಬ ಭಾರತೀಯ ಮಾನದಂಡದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಜಾಸ್ತಿ ಇರುವ ಒಣಹವೆಯಲ್ಲಿ ಕನಿಷ್ಠ 10 ದಿನ. ಕಾಂಕ್ರೀಟಿನ ಶಕ್ತಿಯನ್ನು ಲೆಕ್ಕ ಹಿಡಿಯುವುದು 28ನೇ ದಿನಕ್ಕೆ. ಸೋಮವಾರ ಸಿಸಿ ರಸ್ತೆ ಹಾಕಿ ಗುರುವಾರ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟರೆ ಅಂಚು ಒಡೆಯದೆ ಇನ್ನೇನಾಗುತ್ತದೆ? ವೇಳಾಪಟ್ಟಿಯಲ್ಲಿ ಆ ದಿನಗಳು ಬರೆದಿದ್ದರೆ, "ಇಷ್ಟು ದಿನ ಈ ಕಡೆ ಗಾಡಿ ಬೇಡ, ಕೆಳಗಿನ ಬೀದಿಯಿಂದ ಹೋಗಿ" ಅಂತ ಊರಿನವರೇ ಕಾಯುತ್ತಾರೆ. ಬರೆದಿಲ್ಲದಿದ್ದರೆ ಗಾಡಿ ಬಿಟ್ಟವನದೂ ತಪ್ಪಲ್ಲ.

ಮಾರ್ಚ್ 31 ಮತ್ತು ಮುಂಗಾರು

ಊರಿನ ಕಾಮಗಾರಿಗೆ ಎರಡು ಪಂಚಾಂಗಗಳಿವೆ. ಒಂದು ಸರ್ಕಾರದ್ದು, ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಇನ್ನೊಂದು ಮಳೆಯದ್ದು, ಜೂನ್‌ಗೆ ಶುರು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ.

ಹೊಸ ವರ್ಷದ ಅನುದಾನ ಹಂಚಿಕೆಯಾಗಿ, ಕ್ರಿಯಾಯೋಜನೆಗೆ ಒಪ್ಪಿಗೆ ಸಿಕ್ಕು, ಎಸ್ಟಿಮೇಟ್ ಆಗಿ, ಟೆಂಡರ್ ಕರೆದು, ಕಾರ್ಯಾದೇಶ ಕೈಗೆ ಬರುವಷ್ಟರಲ್ಲಿ ಮಳೆಗಾಲ ಕಳೆದು ಸುಗ್ಗಿ ಬಂದಿರುತ್ತದೆ. ಸುಗ್ಗಿಯಲ್ಲಿ ಆಳು ಸಿಗುವುದಿಲ್ಲ. ಉಳಿಯುವುದು ಜನವರಿ, ಫೆಬ್ರವರಿ, ಮಾರ್ಚ್. ಆಗ ತಾಲ್ಲೂಕಿನ ಎಲ್ಲ ಊರಿಗೂ ಒಂದೇ ಸಲ ಜಲ್ಲಿ ಬೇಕು, ಒಂದೇ ಸಲ ಮಿಕ್ಸರ್ ಬೇಕು, ಒಬ್ಬರೇ ಜೆಇ ಹತ್ತು ಕಡೆ ನಿಂತು ನೋಡಬೇಕು. ಮಾರ್ಚ್ ಕೊನೆಯ ವಾರ ರಾತ್ರಿ ಲೈಟು ಹಾಕಿ ಕಾಂಕ್ರೀಟ್ ಸುರಿಯುವುದನ್ನು ನೋಡಿರುತ್ತೀರಿ. ಅದು ಕೆಲಸದ ಮೇಲಿನ ಪ್ರೀತಿಯಿಂದ ಅಲ್ಲ, ಬಿಲ್ಲಿನ ಅವಸರದಿಂದ.

ಇದಕ್ಕೆ ಪರಿಹಾರ ಕಾಗದದ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿಕೊಳ್ಳುವುದು. ಹೊರಗೆ ಅಗೆಯಲಾಗದ ನಾಲ್ಕು ತಿಂಗಳಲ್ಲಿ ಅಳತೆ, ಎಸ್ಟಿಮೇಟ್, ಜಾಗದ ತಕರಾರು, ಕಂಬ ಸ್ಥಳಾಂತರದ ಅರ್ಜಿ ಎಲ್ಲ ಮುಗಿದರೆ ಬೇಸಿಗೆ ಪೂರ್ತಿ ಕೆಲಸಕ್ಕೇ ಸಿಗುತ್ತದೆ. ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕಾದ್ದು ಮಾರ್ಚ್‌ನಲ್ಲಿ ಅಲ್ಲ, ಜೂನ್ ಜುಲೈನಲ್ಲಿ.

ಎಡವಟ್ಟಾದರೆ ಏನು ಗತಿ?

ವೇಳಾಪಟ್ಟಿಯ ಜೊತೆಗೇ ಇರಬೇಕಾದ ಇನ್ನೊಂದು ಪಟ್ಟಿ ಇದೆ. ಯಾವ್ಯಾವುದು ಕೈಕೊಡಬಹುದು, ಕೈಕೊಟ್ಟರೆ ಏನು ಮಾಡುವುದು, ಆ ನಷ್ಟ ಯಾರ ತಲೆಗೆ ಅನ್ನುವ ಪಟ್ಟಿ. ಇದು ಇಲ್ಲದಿದ್ದರೆ ಏನಾಗಬಹುದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ಹೆಚ್ಚುಕಡಿಮೆ ತುಂಬಿತ್ತು. ಅಲ್ಲಿರುವ 33 ಗೇಟುಗಳೂ ಸುಮಾರು ಎಪ್ಪತ್ತು ವರ್ಷ ಹಳೆಯವು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆಗೆದು ಹೊಳೆಗೆ ನೀರು ಬಿಡಬೇಕಾಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸುವಷ್ಟರಲ್ಲಿ ಸುಮಾರು ಒಂದು ವಾರ ಕಳೆದಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರೊಂದಿಗೆ ನಿಂತ ಕೆಲಸಗಾರರ ಧೈರ್ಯವನ್ನು ಎಲ್ಲರೂ ಮೆಚ್ಚಿದರು, ಮೆಚ್ಚಲೇಬೇಕು. ಆದರೆ ಒಂದು ಗೇಟು ಹೋದರೆ ಅದರ ಜಾಗಕ್ಕೆ ತಕ್ಷಣ ಇಳಿಸುವ ತಡೆ ಅಲ್ಲಿ ಸಿದ್ಧವಿರಲಿಲ್ಲ. ಎಲ್ಲವನ್ನೂ ಆ ವಾರದಲ್ಲೇ ಮಾಡಿಕೊಳ್ಳಬೇಕಾಯಿತು.

ಆಮೇಲಿನ ಕತೆ ವೇಳಾಪಟ್ಟಿಯದ್ದು. ಹಳೆಯ ಗೇಟು ತೆಗೆದು ಹೊಸದು ಕೂರಿಸಬೇಕಾದರೆ ಜಲಾಶಯದ ನೀರು ಗೇಟಿನ ಬುಡಕ್ಕಿಂತ ಕೆಳಗೆ ಇಳಿದಿರಬೇಕು. ಮುಂಗಾರಿನ ಹೊಸ ನೀರು ಬರುವುದರೊಳಗೆ ಕೆಲಸ ಮುಗಿದಿರಬೇಕು. ಅಂದರೆ ಕೆಲಸಕ್ಕೆ ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಅದಕ್ಕಾಗಿಯೇ 2025ರ ಕೊನೆಯಲ್ಲಿ ಅಚ್ಚುಕಟ್ಟಿನ ಎರಡನೇ ಬೆಳೆಗೆ ನೀರು ಕೊಡುವುದಿಲ್ಲ ಎಂಬ ತೀರ್ಮಾನವಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಭತ್ತದ ರೈತರಿಗೆ ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಗದ್ದೆ ಖಾಲಿ, ಕೂಲಿಯವರಿಗೆ ನಾಟಿಯೂ ಇಲ್ಲ, ಕೊಯ್ಲೂ ಇಲ್ಲ.

ಗೇಟು ಬದಲಿಸಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳೆಯನ್ನೇ ಕಾಮಗಾರಿಗೆ ಬಿಟ್ಟುಕೊಟ್ಟ ರೈತನಿಗೆ ಆ ಕಾಮಗಾರಿಯ ವೇಳಾಪಟ್ಟಿಯ ಮೇಲೆ ಹಕ್ಕಿಲ್ಲವೇ? ಯಾವ ವಾರಕ್ಕೆ ಎಷ್ಟು ಗೇಟು, ಯಾವುದು ಹಿಂದೆ ಬಿದ್ದಿದೆ, ಹಿಂದೆ ಬಿದ್ದದ್ದನ್ನು ಹೇಗೆ ಸರಿದೂಗಿಸುತ್ತಾರೆ ಅನ್ನೋದು ಅವನ ಮೊಬೈಲಿಗೆ ಬರಬೇಕು. ಕಾಮಗಾರಿಯಲ್ಲಿ ತಡವಾದ ಪ್ರತಿ ದಿನಕ್ಕೂ ಯಾರೋ ಬೆಲೆ ಕೊಡುತ್ತಿರುತ್ತಾರೆ, ಬಹಳ ಸಲ ಆ ಯಾರೋ ಟೆಂಡರ್ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಅಣೆಕಟ್ಟೆಯ ಲೆಕ್ಕವೇ ನಿಮ್ಮ ಊರಿನ ಅಂಗನವಾಡಿ ಕಟ್ಟಡಕ್ಕೂ ಅನ್ವಯ. ಅಳತೆ ಮಾತ್ರ ಚಿಕ್ಕದು. ಜಾಗದ ಮೇಲೆ ತಕರಾರು ಬಂದರೆ? ಅಡಿಪಾಯ ತೆಗೆಯುವಾಗ ಬಂಡೆ ಸಿಕ್ಕರೆ? ಕಬ್ಬಿಣದ ಬೆಲೆ ಏರಿದರೆ? ಯುಗಾದಿಗೆ ಊರಿಗೆ ಹೋದ ಕೆಲಸಗಾರರು ತಿಂಗಳು ಬರದಿದ್ದರೆ? ಮಕ್ಕಳನ್ನು ಅಲ್ಲಿಯವರೆಗೆ ಎಲ್ಲಿ ಕೂರಿಸುವುದು? ಇವ್ಯಾವೂ ಯಾರೂ ಊಹಿಸಲಾಗದ ಆಪತ್ತುಗಳಲ್ಲ. ಹತ್ತು ಕಟ್ಟಡ ಕಟ್ಟಿಸಿದವರಿಗೆ ಎಲ್ಲವೂ ಗೊತ್ತು. ಗೊತ್ತಿರುವುದನ್ನು ಮೊದಲೇ ಬರೆದು, ಒಂದೊಂದರ ಮುಂದೆಯೂ ಹೊಣೆ ಯಾರದ್ದು ಅಂತ ಒಂದು ಹೆಸರು ಬರೆಯಬೇಕು ಅಷ್ಟೇ.

ಇದು ಆಗದ ಮಾತೇನಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಮುಂದಿನ 5 ವರ್ಷ ಅದರ ನಿರ್ವಹಣೆ ಮಾಡಬೇಕು ಎಂಬ ಕರಾರು ಇರುತ್ತದೆ. ಗುಂಡಿ ಬಿದ್ದರೆ ಯಾರ ಹೊಣೆ ಅನ್ನುವುದು ಡಾಂಬರು ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮ ಬೀದಿಯ ರಸ್ತೆಗೂ ಹಾಗೇ ಕೇಳೋಣ.

"ಇದೆಲ್ಲ ಹೇಳೋದು ಸುಲಭ"

ಪಿಡಿಒ, ಎಂಜಿನಿಯರು, ಗುತ್ತಿಗೆದಾರರ ಜೊತೆ ಮಾತಾಡಿದಾಗ ಅವರ ಕಡೆಯ ಮಾತೂ ಕೇಳಿದ್ದೇವೆ. ಅದರಲ್ಲಿ ನ್ಯಾಯ ಇದೆ.

ರಸ್ತೆಯ ದುಡ್ಡು ಒಂದು ಕಡೆಯಿಂದ ಬರುತ್ತದೆ, ಪೈಪಿನ ದುಡ್ಡು ಇನ್ನೊಂದು ಕಡೆಯಿಂದ. ಬಂದ ದುಡ್ಡನ್ನು ಈ ವರ್ಷ ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತದೆಂಬ ಭಯ. ಸಣ್ಣ ಗುತ್ತಿಗೆದಾರ ಬಡ್ಡಿಗೆ ಸಾಲ ತಂದು ಕೆಲಸ ಮಾಡಿ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಾನೆ. ಮೊದಲ ಬಿಲ್ಲು ಬಾರದೆ ಎರಡನೇ ಹಂತಕ್ಕೆ ಜಲ್ಲಿ ಎಲ್ಲಿಂದ ತರುತ್ತಾನೆ? ಪಿಡಿಒಗೆ ಮನೆ ಕಂದಾಯದಿಂದ ಹಿಡಿದು ಬೀದಿದೀಪದವರೆಗೆ ನೂರು ಕೆಲಸ.

ನಿಜ. ಹಾಗಿರುವುದರಿಂದಲೇ ಪಟ್ಟಿ ಬೇಕು ಅನ್ನುತ್ತೇವೆ. ಬಿಲ್ಲು ಯಾವ ಹಂತಕ್ಕೆ ಯಾವತ್ತು ಕೊಡಬೇಕು ಅನ್ನೋದೂ ವೇಳಾಪಟ್ಟಿಯಲ್ಲಿ ಬರೆದಿರಲಿ. ಆಗ ಕೆಲಸ ನಿಂತಾಗ ನಿಲ್ಲಿಸಿದ್ದು ಗುತ್ತಿಗೆದಾರನೋ, ಬಿಲ್ಲು ಹಿಡಿದಿಟ್ಟ ಕಚೇರಿಯೋ ಅಂತ ಊರಿಗೆ ಗೊತ್ತಾಗುತ್ತದೆ. ಈಗ ಎಲ್ಲದಕ್ಕೂ ಬೈಗುಳ ತಿನ್ನುವವರು ಎದುರಿಗೆ ಸಿಗುವ ಗುತ್ತಿಗೆದಾರ ಮತ್ತು ಪಿಡಿಒ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಈ ಪಟ್ಟಿಯೇ ರಕ್ಷಣೆ.

ಮಳೆ ಬಂದರೆ ಎಲ್ಲ ಪಟ್ಟಿಯೂ ತಲೆಕೆಳಗು ಅನ್ನುವವರೂ ಇದ್ದಾರೆ. ಪಟ್ಟಿ ಅಂದರೆ ಭವಿಷ್ಯ ನುಡಿಯುವುದಲ್ಲ. ಎರಡು ವಾರ ಹಿಂದೆ ಬಿದ್ದಿದ್ದೇವೆ ಅನ್ನೋದು ಎರಡನೇ ವಾರದಲ್ಲೇ ಗೊತ್ತಾಗಲಿ, ಎರಡನೇ ವರ್ಷದಲ್ಲಿ ಅಲ್ಲ ಅನ್ನೋದಕ್ಕೆ ಪಟ್ಟಿ ಬೇಕು.

ಏನು ಕೇಳಬೇಕು, ಎಲ್ಲಿ ಕೇಳಬೇಕು

ಮುಂದಿನ ವಾರ್ಡ್ ಸಭೆಗೆ, ಗ್ರಾಮಸಭೆಗೆ ಹೋಗುವಾಗ ಈ ಆರು ಪ್ರಶ್ನೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ.

1. ಕಾರ್ಯಾದೇಶ ಕೊಟ್ಟ ದಿನ ಯಾವುದು, ಮುಗಿಯಬೇಕಾದ ದಿನ ಯಾವುದು?

2. ಕೆಲಸದ ಹಂತಗಳು ಯಾವುವು, ಯಾವುದು ಮುಗಿಯದೆ ಯಾವುದು ಶುರುವಾಗುವ ಹಾಗಿಲ್ಲ?

3. ಇದೇ ಜಾಗದಲ್ಲಿ ಇನ್ನೆರಡು ವರ್ಷದೊಳಗೆ ಬೇರೆ ಯಾವ ಇಲಾಖೆಯ ಕೆಲಸ ಬರಲಿದೆ? ಪೈಪು, ಚರಂಡಿ, ಕೇಬಲ್, ಕಂಬ?

4. ಅಗೆದ ರಸ್ತೆಯನ್ನು ಮೊದಲಿನಂತೆ ಮಾಡುವುದು ಎಸ್ಟಿಮೇಟಿನಲ್ಲಿ ಸೇರಿದೆಯೇ? ಯಾವ ದಿನದೊಳಗೆ?

5. ಕೆಲಸ ಮುಗಿದ ಮೇಲೆ ಎಷ್ಟು ತಿಂಗಳವರೆಗೆ ದುರಸ್ತಿ ಗುತ್ತಿಗೆದಾರನ ಹೊಣೆ? ಅಲ್ಲಿಯವರೆಗೆ ಅವರ ಭದ್ರತಾ ಠೇವಣಿ ಹಿಡಿದಿಟ್ಟಿದ್ದೀರಾ?

6. ಕೆಲಸ ನಿಂತರೆ ನಾವು ಯಾರನ್ನು ಕೇಳಬೇಕು?

ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಸಭೆಯ ಜೊತೆಗೇ ಮುಗಿದುಹೋಗುತ್ತದೆ. ದೊಡ್ಡ ಟೆಂಡರುಗಳ ಕರಾರಿನಲ್ಲಿ ಗುತ್ತಿಗೆದಾರ ಕೆಲಸದ ಕ್ರಮ ಮತ್ತು ಸಮಯ ತೋರಿಸುವ ಪಟ್ಟಿ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದು ಫೈಲಿನೊಳಗೆ ಮಲಗಿರುತ್ತದೆ ಅಷ್ಟೇ. ಅದರ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕದ ಅರ್ಜಿ, 30 ದಿನದೊಳಗೆ ಉತ್ತರ ಕೊಡಬೇಕು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಜಮಾಬಂದಿಯಲ್ಲಿ ಲೆಕ್ಕದ ಜೊತೆ ದಿನಾಂಕಗಳನ್ನೂ ಹೋಲಿಸಿ ನೋಡಿ.

ಊರಲ್ಲಿ ಮೇಸ್ತ್ರಿಗಳಿದ್ದಾರೆ, ಪ್ಲಂಬರ್‌ಗಳಿದ್ದಾರೆ, ನೀರುಗಂಟಿ ಇದ್ದಾರೆ. ನೆಲದೊಳಗೆ ಯಾವ ಪೈಪು ಎಲ್ಲಿ ಹೋಗಿದೆ ಅಂತ ನೀರುಗಂಟಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಎಸ್ಟಿಮೇಟ್ ಮಾಡುವ ದಿನ ಇವರನ್ನು ಜೊತೆಗೆ ಕರೆದುಕೊಂಡು ಹೋಗಿ ಅಂತ ಎಂಜಿನಿಯರಿಗೆ ಹೇಳುವುದು ತಪ್ಪಲ್ಲ.

ಪಂಚಾಯಿತಿಗಳಿಗೆ ನಮ್ಮ ಕೋರಿಕೆಯೂ ಒಂದಿದೆ. ಕಾಮಗಾರಿಯ ಬೋರ್ಡಿನಲ್ಲಿ ಮೊತ್ತ, ಹೆಸರುಗಳ ಜೊತೆ ಹಂತಗಳನ್ನೂ ದಿನಾಂಕಗಳನ್ನೂ ಬರೆಸಿ. ಗುದ್ದಲಿ ಪೂಜೆಯ ಫೋಟೊ ಹಾಕುವ ಅದೇ ವಾಟ್ಸಾಪ್ ಗುಂಪಿನಲ್ಲಿ ವೇಳಾಪಟ್ಟಿಯ ಫೋಟೊವನ್ನೂ ಹಾಕಿ. ಹದಿನೈದು ದಿನಕ್ಕೊಮ್ಮೆ, ಆದದ್ದಕ್ಕೆ ಹಸಿರು ಗೆರೆ, ಆಗದ್ದಕ್ಕೆ ಕೆಂಪು ಗೆರೆ. ಖರ್ಚು ಒಂದು ಪೆನ್ನು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದರು ಹಿರಿಯರು. ಮದುವೆಗೆ ಲಗ್ನಪತ್ರಿಕೆ ಅಚ್ಚಾದ ಮೇಲೆ ಮುಹೂರ್ತ ತಪ್ಪಬಾರದೆಂದು ಇಡೀ ಮನೆ ನಿಂತು ಕೆಲಸ ಮಾಡುತ್ತದೆ. ಊರಿನ ಕಾಮಗಾರಿಗೂ ಊರೆಲ್ಲ ಓದಬಹುದಾದ ಅಂಥದ್ದೊಂದು ಪತ್ರಿಕೆ ಅಚ್ಚಾಗಲಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವತ್ತು ಅಂತ ಇವತ್ತೇ ವಿಚಾರಿಸಿ, ಈ ಆರು ಪ್ರಶ್ನೆಗಳನ್ನು ಬೀದಿಯವರಿಗೂ ಕಳಿಸಿ.